ಪ್ರಮಾಣದ ವಿಚಾರ

ಕಳೆದ ತಿಂಗಳು ಗಂಗಾವತಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವಳ 26 ವರ್ಷದ ಮಗಳು ಸ್ತನವರ್ಧನದ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಳ್ಳಬೇಕೆಂದು ನಿಶ್ಚಯಿಸಿರುವಳಂತೆ. "ಬ್ಯಾಡ ಅಂದಿದ್ದಕ್ಕ ನನ್ನ ಕೂಡ ಮಾತು ಬಿಟ್ಟಾಳ್ರಿ ಗುರುಗಳೇ. ಯಾರದೋ ಫೋಟೋ ನೋಡಿ ಅಷ್ಟೇ ದೊಡ್ಡದು ಬೇಕಂತಾಳ" ಎಂದು ಕಣ್ಣೀರಿಟ್ಟಳು.

ಇಂಥ ವಿಷಯವು ಗೃಹಪತ್ರಿಕೆಗೆ ಉಚಿತವೇ ಎಂದು ಕೆಲವು ವಾಚಕರು ಕೇಳಬಹುದು. ಮನೆಯಲ್ಲಿ ಆಡದ ಮಾತನ್ನು ಮಕ್ಕಳು ಹೊರಗೆ ಕೇಳಿಕೊಳ್ಳುವರು. ಆದುದರಿಂದ ಪರಿಚಿತ ಶಸ್ತ್ರವೈದ್ಯರಿಂದ ಅರಿತುದನ್ನು ಇಲ್ಲಿ ಬರೆದಿರುವೆನು.

ಸಿಲಿಕೋನ್ ಇಂಪ್ಲಾಂಟನ್ನು ಮೊದಲು ಇರಿಸಿದವರು ಅಮೇರಿಕೆಯ ಟೆಕ್ಸಾಸ್ ಪ್ರಾಂತದ ಕ್ರೋನಿನ್ ಮತ್ತು ಜೆರೋ ಎಂಬ ವೈದ್ಯರು. ಅದು 1962ನೆಯ ಇಸವಿ. ಇದರ ಗಾತ್ರವನ್ನು ಕುಪ್ಪಸದ ಅಳತೆಯಿಂದಲ್ಲ, ಮಿಲಿಲೀಟರಿನಿಂದ ಎಣಿಸುವರು. ಅದೇ 300 ಮಿಲಿಲೀಟರು ಅಗಲವಾದ ಎದೆಯಲ್ಲಿ ಅಲ್ಪವಾಗಿಯೂ, ಕಿರಿದಾದ ಎದೆಯಲ್ಲಿ ಅತಿಯಾಗಿಯೂ ತೋರುವದು. ಆದಕಾರಣ ವೈದ್ಯರು ಮೊದಲು ಸ್ತನದ ಬುಡದ ಅಗಲವನ್ನು ಅಳೆಯುವರು. ಚರ್ಮವನ್ನು ಬೆರಳುಗಳಿಂದ ಹಿಡಿದು, ಅದರ ದಪ್ಪವೆಷ್ಟು, ಹಿಗ್ಗುವದೆಷ್ಟು ಎಂದು ಪರೀಕ್ಷಿಸುವರು. ಈ ಮಿತಿಯನ್ನು ಮೀರಿದ ಇಂಪ್ಲಾಂಟಿನಿಂದ ಕಾಲಕ್ರಮದಲ್ಲಿ ಚರ್ಮವು ತೆಳುವಾಗುವದು, ಅಂಚು ಹೊರಗೆ ಕಾಣುವದು, ಭಾರದಿಂದ ಜೋಲುವದು; ಮತ್ತೊಮ್ಮೆ ಶಸ್ತ್ರಕ್ರಿಯೆಯ ಪ್ರಸಂಗ ಬರಬಹುದು.

ಗಾತ್ರದ ಅಂದಾಜಿಗೆ ಮನೆಯಲ್ಲಿಯೇ ಒಂದು ಉಪಾಯವುಂಟು. ಗುರುತುಳ್ಳ ಲೋಟದಲ್ಲಿ ಅಕ್ಕಿಯನ್ನು ಅಳೆದು, ತೆಳುವಾದ ಎರಡು ಚೀಲಗಳಲ್ಲಿ ತುಂಬಿ, ಒಳಕುಪ್ಪಸದಲ್ಲಿಟ್ಟುಕೊಂಡು ಒಂದೆರಡು ದಿನ ಕೆಲಸಬೊಗಸೆ ಮಾಡಿ ನೋಡತಕ್ಕದ್ದು. 300 ಮಿಲಿಲೀಟರಿನ ಸಿಲಿಕೋನು ಅಕ್ಕಿಗಿಂತ ತುಸು ಭಾರ. ಎರಡೂ ಕೂಡಿ ಅರ್ಧ ಕಿಲೋ ಮೀರುವದು. ಇದು ಅಂದಾಜು ಮಾತ್ರ; ನಿರ್ಣಯವು ವೈದ್ಯರ ಅಳತೆಯಿಂದಲೇ ಆಗತಕ್ಕದ್ದು.

ಇನ್ನೊಂದು ಮಾತು. ಇವು ಜನ್ಮವಿಡೀ ಬಾಳುವ ವಸ್ತುಗಳಲ್ಲ. ಇದನ್ನೂ, ವಿರಳವಾಗಿ ಒಂದು ಬಗೆಯ ಕ್ಯಾನ್ಸರ್ ತಲೆದೋರಬಹುದೆಂಬುದನ್ನೂ ಪ್ರತಿಯೊಬ್ಬ ಸ್ತ್ರೀಗೆ ಮುಂಚಿತವಾಗಿ ತಿಳಿಸಬೇಕೆಂದು ಅಮೇರಿಕೆಯ ಔಷಧನಿಯಂತ್ರಣ ಸಂಸ್ಥೆಯು 2021ರಲ್ಲಿ ವಿಧಿಸಿತು.

ಸಂಸ್ಕೃತದಲ್ಲಿ 'ಪ್ರಮಾಣ'ವೆಂದರೆ ಅಳತೆ. ಯಥಾರ್ಥಜ್ಞಾನಕ್ಕೆ ಸಾಧನವೆಂಬ ಅರ್ಥವೂ ಅದಕ್ಕುಂಟು. ಇಲ್ಲಿ ಎರಡು ಅರ್ಥದಲ್ಲಿಯೂ ಪ್ರಮಾಣವು ಹುಡುಗಿಯ ಸ್ವಂತ ದೇಹವೇ ಹೊರತು ಪರರ ಚಿತ್ರವಲ್ಲ. "ಬೇಡವೆನ್ನಲು ಹೋಗಬೇಡ ತಾಯಿ, ಅವಳೊಡನೆ ವೈದ್ಯರಲ್ಲಿಗೆ ಹೋಗು, ಅಳತೆಯನ್ನು ಕೇಳು" ಎಂದು ಹೇಳಿ ಕಳುಹಿದೆನು.

ಮೊನ್ನೆ ಫೋನು ಬಂದಿತು. ತಾಯಿ ಮಗಳು ಕೂಡಿ ಅಕ್ಕಿಯನ್ನು ಅಳೆದರಂತೆ. ನಿರ್ಣಯವು ಇನ್ನೂ ಆಗಿಲ್ಲ. ಮಾತು ಮಾತ್ರ ಮತ್ತೆ ಆರಂಭವಾಗಿದೆ.