ಎಂಟು ತಿಂಗಳು ಬರಿದಾಗಿರುವ ತೋಟ

ಕಲಬುರಗಿಯಲ್ಲಿ ಯಾರಾದರೂ ಬೇವಿನ ಮರದಡಿ ತೋಟ ಮಾಡುತ್ತೇನೆಂದರೆ ನರ್ಸರಿಯವರೂ ನೆಂಟರೂ ಹೇಳುವ ಮಾತು ಒಂದೇ: ವರ್ಷವಿಡೀ ಹಸಿರಾಗಿರುವ ಗಿಡ ಹಚ್ಚಿ. ಕ್ರೋಟನ್, ಮನಿಪ್ಲಾಂಟ್, ಆಗ್ಲೋನಿಮಾ. ಈ ಸಲಹೆಯ ಹಿಂದಿನ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಬಿಸಿಲು 42 ಡಿಗ್ರಿ ದಾಟಿದ ಮೇಲೆ ಕಣ್ಣು ಹಸಿರನ್ನು ಹುಡುಕುವುದು ಸಹಜವೇ. ಆದರೂ, ಹೀಗೆ ಹೇಳುವವರ ಕ್ಷಮೆ ಕೋರಿ, ನನ್ನದೊಂದು ಬೇರೆ ವಾದವಿದೆ. ಈ ಸೀಮೆಯ ನೆರಳಿನ ತೋಟ ವರ್ಷದಲ್ಲಿ ಏಳೆಂಟು ತಿಂಗಳು ಬರಿದಾಗಿಯೇ ಇರಬೇಕು. ಹಾಗಿದ್ದರೆ ಅದು ಸರಿಯಾಗಿ ನಡೆಯುತ್ತಿದೆ ಎಂದರ್ಥ.

ವಾದಕ್ಕೆ ಒಂದು ಹೂವನ್ನೇ ಹಿಡಿದುಕೊಳ್ಳುತ್ತೇನೆ. ಗೌರಿ ಹೂವು, ಕೆಲವರು ಅಗ್ನಿಶಿಖೆ ಎನ್ನುತ್ತಾರೆ, ಕೆಲವರು ಕೋಳಿಕುಟುಮ. ಒಣ ಎಲೆಯುದುರುವ ಕಾಡಿನ ಅಂಚಿನಲ್ಲಿ, ಪೊದೆಯಲ್ಲಿ, ಮುಳ್ಳುಬೇಲಿಯಲ್ಲಿ ತಾನಾಗಿ ಹುಟ್ಟುವ ಬಳ್ಳಿ ಇದು. ತಮಿಳುನಾಡಿಗೆ ರಾಜ್ಯದ ಹೂ, ಆಫ್ರಿಕಾದ ಜಿಂಬಾಬ್ವೆಗೆ ರಾಷ್ಟ್ರದ ಹೂ. ಆರು ಎಸಳುಗಳೂ ಹಿಂದಕ್ಕೆ, ಮೇಲಕ್ಕೆ ತಿರುಗಿಕೊಂಡಿರುತ್ತವೆ. ಅರಳುವಾಗ ಹಳದಿ, ದಿನ ಕಳೆದಂತೆ ಕೆಂಪು. ಇದಕ್ಕೆ ಬೇರೆಯಾಗಿ ಹಂಬು ಇಲ್ಲ, ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಇಷ್ಟು ಚೆಲುವಾದ ಬಳ್ಳಿಯನ್ನು ನಾವು ಬೇಲಿಗೆ ಬಿಟ್ಟು, ಆಗ್ನೇಯ ಏಷ್ಯಾ, ಪೆಸಿಫಿಕ್ ದ್ವೀಪಗಳ ಕಡೆಯ ಎಲೆಗೆ ಹಣ ಕೊಡುತ್ತೇವೆ.

ಅದರ ವರ್ಷದ ಲೆಕ್ಕ ನೋಡಿ. ಮಿರಗದ, ಅಂದರೆ ಮೃಗಶಿರಾ, ಮಳೆ ಬಿದ್ದ ಮೇಲೆ ಮೊಳಕೆ. ಶ್ರಾವಣದಲ್ಲಿ ಬಳ್ಳಿ ಆಳೆತ್ತರ. ಹೂವು ನಾಗರ ಪಂಚಮಿಯಿಂದ ಗಣೇಶನ ಹಬ್ಬದವರೆಗೆ, ಮಳೆ ಚೆನ್ನಾಗಿದ್ದರೆ ಇನ್ನೂ ಒಂದಿಷ್ಟು ದಿನ. ದೀಪಾವಳಿಯ ಹೊತ್ತಿಗೆ ಎಲ್ಲ ಒಣಗಿ ನೆಲಕ್ಕೆ. ಅಲ್ಲಿಂದ ಮುಂದಿನ ಮಿರಗದವರೆಗೆ, ಶರಣಬಸವೇಶ್ವರರ ಜಾತ್ರೆ ಬಂದು ಹೋದರೂ, ಗಡ್ಡೆ ಮಣ್ಣಿನೊಳಗೆ ನಿದ್ದೆಯಲ್ಲಿರುತ್ತದೆ. ನೆಲತಾಳೆಯದೂ ಕಾಡು ಅರಿಶಿನದ್ದೂ ಇದೇ ಪಾಡು. ಇಲ್ಲಿ ಬೀಳುವ ಮಳೆ ವರ್ಷಕ್ಕೆ 700–800 ಮಿಲಿಮೀಟರ್, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಈ ಲೆಕ್ಕಕ್ಕೆ ಹೊಂದಿಕೊಂಡು ಬಾಳುವುದನ್ನು ಕಲಿತ ಗಿಡ ವರ್ಷವಿಡೀ ಎದ್ದು ನಿಲ್ಲುವುದಾದರೂ ಹೇಗೆ?

ನೆರಳಿನ ತೋಟದ ಪುಸ್ತಕಗಳು ಹೆಚ್ಚಾಗಿ ಬಂದದ್ದು ಇಂಗ್ಲೆಂಡ್, ಅಮೆರಿಕಗಳಿಂದ. ತಮಾಷೆಯೆಂದರೆ ಅಲ್ಲಿನ ಕಾಡುಹೂಗಳೂ ವರ್ಷವಿಡೀ ಇರುವುದಿಲ್ಲ. ಬ್ಲೂಬೆಲ್, ಟ್ರಿಲಿಯಂಗಳು ಮರಗಳಿಗೆ ಎಲೆ ತುಂಬಿ ನೆಲ ಕತ್ತಲಾಗುವ ಮೊದಲೇ, ವಸಂತದಲ್ಲಿ ಹೂಬಿಟ್ಟು, ಆಮೇಲೆ ನೆಲದೊಳಗೆ ಸರಿಯುತ್ತವೆ. ಅಲ್ಲಿ ಗಡ್ಡೆಯನ್ನು ಮಲಗಿಸುವುದು ಕತ್ತಲೆ ಮತ್ತು ಚಳಿ, ಇಲ್ಲಿ ಬರ ಮತ್ತು ಬಿಸಿಲು. ನಾವು ಆ ಪುಸ್ತಕಗಳಿಂದ 'ಸದಾ ತೇವ, ಸದಾ ಎಲೆಗೊಬ್ಬರ' ಎನ್ನುವುದನ್ನು ಎತ್ತಿಕೊಂಡೆವು. ನಿದ್ದೆಯ ಮಾತನ್ನು ಬಿಟ್ಟೆವು. ಬೇಸಿಗೆಯಲ್ಲಿ ಪಾಪ, ಒಣಗಿದೆ ಎಂದು ದಿನಾ ನೀರು ಹಾಕಿದರೆ ಗೌರಿ ಹೂವಿನ ಗಡ್ಡೆ ಕೊಳೆಯುತ್ತದೆ. ಕರುಣೆಯಿಂದ ಸತ್ತ ಗಡ್ಡೆಗಳು ಬರದಿಂದ ಸತ್ತವುಗಳಿಗಿಂತ ಹೆಚ್ಚಿರಬಹುದೆಂದು ನನ್ನ ಗುಮಾನಿ.

"ಅಂಗಳ ಹಿಂಗ್ಯಾಕ ಬಯಲ ಬಿಟ್ಟೀರ್ರೀ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ನನ್ನ ಮರುಪ್ರಶ್ನೆ: ತಾಜಸುಲ್ತಾನಪುರದಿಂದ ಕಮಲಾಪುರದ ಕಡೆಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ, ದಾರಿಯ ಎರಡೂ ಬದಿಗೆ ಎರಿ ಹೊಲಗಳು ಬಾಯಿಬಿಟ್ಟು ಬಿದ್ದಿರುತ್ತವೆ. ಒಕ್ಕಲಿಗನನ್ನು ನಿಲ್ಲಿಸಿ, ಹೊಲ ಯಾಕೆ ಬರಿದು ಎಂದು ಯಾರಾದರೂ ಕೇಳುತ್ತಾರೆಯೇ? ಹಿಂಗಾರಿ ಜೋಳಕ್ಕೆಂದು ಇಟ್ಟ ಹೊಲ ಮುಂಗಾರಿಯಲ್ಲೂ ಬಿತ್ತನೆಯಿಲ್ಲದೆ ತೇವ ಕುಡಿಯುತ್ತ ಕಾಯುತ್ತದೆ. ಹೊಲಕ್ಕೆ ಕೊಟ್ಟ ಈ ಬಿಡುವನ್ನು ಹತ್ತಡಿ ಅಂಗಳಕ್ಕೆ ಕೊಡಲು ಮಾತ್ರ ನಮಗೆ ನಾಚಿಕೆ. ಕಮಲಾಪುರದ ಕೆಂಪು ಬಾಳೆ ಬೇಸಿಗೆಯಲ್ಲೂ ಹಸಿರಾಗಿರುತ್ತದಲ್ಲ ಎಂದರೆ, ಇರುತ್ತದೆ, ಬಾವಿಯ ನೀರು ಕುಡಿದು. ಅದು ನಾಲ್ಕು ಕಾಸು ತರುತ್ತದೆ. ಕ್ರೋಟನ್ ಏನನ್ನು ತರುತ್ತದೆ? ಭೀಮೆಯಿಂದ, ಬೆಣ್ಣೆತೊರೆಯಿಂದ ಕೊಳವೆಯಲ್ಲಿ ಬಂದ ಕುಡಿಯುವ ನೀರನ್ನು ಮೇ ತಿಂಗಳಲ್ಲಿ ಅದಕ್ಕೆ ಸುರಿಯುವಾಗ ಈ ಪ್ರಶ್ನೆ ಏಳಬೇಕು.

ಹಾಗೆಂದು ನಾಡಿನ ಗಿಡ ಆರೈಕೆಯೇ ಬೇಡದ್ದು ಎನ್ನುವ ಈಚಿನ ಫ್ಯಾಷನ್ ಮಾತನ್ನೂ ನಾನು ಒಪ್ಪಲಾರೆ. ಎರಿ ಮಣ್ಣಿನಲ್ಲಿ ಗಡ್ಡೆಯನ್ನು ಸುಮ್ಮನೆ ಹೂತರೆ ಮಳೆಗಾಲದಲ್ಲಿ ಅದು ಕೆಸರಲ್ಲಿ ಉಸಿರುಗಟ್ಟುತ್ತದೆ. ಶಹಾಬಾದ್ ಪರ್ಸಿ ಹಾಸಿದ ಅಂಗಳವಾದರೆ ನಾಲ್ಕು ಕಲ್ಲು ಎಬ್ಬಿಸಿ, ಎರಿಯನ್ನು ತೆಗೆದು, ಗರಸು, ಕೆಂಪು ಮಣ್ಣು, ಹಳೆ ತಿಪ್ಪೆಗೊಬ್ಬರ ಬೆರೆಸಿ ಸ್ವಲ್ಪ ಏರಿಸಿದ ಮಡಿ ಮಾಡಬೇಕು. ಬೇವಿನ ಬುಡಕ್ಕೆ ಅಂಟಿಸಿ ಬೇಡ. ಅಲ್ಲಿ ಮರದ ಬೇರೇ ತೇವವನ್ನೆಲ್ಲ ಹೀರುತ್ತದೆ. ಕೊಂಬೆಗಳ ನೆರಳು ಮುಗಿಯುವ ಅಂಚು ಒಳ್ಳೆಯದು, ಏಕೆಂದರೆ ಈ ಬಳ್ಳಿಗೆ ಕಾಲು ತಂಪಿನಲ್ಲಿರಬೇಕು, ತಲೆ ಬೆಳಕಿನಲ್ಲಿ. ಗಡ್ಡೆ ಕವೆಯಂತೆ ಎರಡು ತೋಳಿನದು, ಮೊಳಕೆಯ ಕಣ್ಣು ತೋಳಿನ ತುದಿಯಲ್ಲಿ ಮಾತ್ರ. ತುದಿ ಮುರಿದರೆ ಆ ತೋಳು ಹೋಯಿತೆಂದೇ ಲೆಕ್ಕ. ಆದ್ದರಿಂದ ಅಡ್ಡಕ್ಕೆ ಮಲಗಿಸಿ, ಎರಡು ಮೂರು ಇಂಚು ಮಣ್ಣು ಮುಚ್ಚುವುದು. ಆಸರೆಗೆ ದಪ್ಪ ಗೂಟ ಪ್ರಯೋಜನವಿಲ್ಲ, ಎಲೆತುದಿಗೆ ಅದನ್ನು ಸುತ್ತಲಾಗದು. ರಾಶಿ ಮುಗಿದ ಹೊಲದಲ್ಲಿ ಸಿಗುವ ತೊಗರಿ ಕಟಗಿ ಇದಕ್ಕೆ ಹೇಳಿ ಮಾಡಿಸಿದ್ದು.

ಒಂದು ಆಕ್ಷೇಪ ಗಂಭೀರವಾದದ್ದು. ಈ ಗಿಡ ವಿಷ. ಬೇರಿನಿಂದ ಬೀಜದವರೆಗೆ ಕಾಲ್ಚಿಸಿನ್ ಎಂಬ ಸತ್ವವಿದೆ. ಸಂಧಿವಾತದ ಒಂದು ಬಗೆಗೆ ಅದೇ ಔಷಧಿ, ಅಳತೆ ಮೀರಿದರೆ ಪ್ರಾಣಕ್ಕೆ ಕುತ್ತು. ಗೆಣಸೆಂದು ತಿಳಿದು ಗಡ್ಡೆ ತಿಂದು ಸತ್ತವರಿದ್ದಾರೆ. ಅಂಬೆಗಾಲಿಡುವ ಮಗುವಿರುವ ಮನೆ, ಆಡು ಕಟ್ಟುವ ಅಂಗಳ ಇದಕ್ಕೆ ತಕ್ಕದ್ದಲ್ಲ, ಇದರಲ್ಲಿ ರಾಜಿಯಿಲ್ಲ. ಉಳಿದವರಿಗೆ ಒಂದು ಮಾತು. ಕಣಗಿಲವೂ ವಿಷವೇ, ಅದೂ ಸಣ್ಣ ವಿಷವಲ್ಲ. ಹೆದ್ದಾರಿಯ ನಡುವೆ, ಎಷ್ಟೋ ಮನೆಗಳ ಕಾಂಪೌಂಡಿನಲ್ಲಿ ಅದನ್ನು ನೆಟ್ಟು, ದೇವರಿಗೂ ಏರಿಸುತ್ತೇವೆ. ಡೈಫನ್‌ಬೇಕಿಯಾದ ಎಲೆ ಕಚ್ಚಿದರೆ ನಾಲಗೆ ಊದುತ್ತದೆ, ಅದನ್ನು ಡ್ರಾಯಿಂಗ್ ರೂಮಿನಲ್ಲೇ ಇಡುತ್ತೇವೆ. ವಿಷದ ಭಯ ಕಾಡುಹೂವಿನ ಸರದಿ ಬಂದಾಗ ಮಾತ್ರ ಎಚ್ಚರಗೊಳ್ಳುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನನ್ನ ಪಕ್ಷದವರಿಗೂ ಒಂದು ತಕರಾರು ಹೇಳಬೇಕು. ದೇಸಿ ಗಿಡದ ಹುರುಪಿನಲ್ಲಿ ಕೆಲವರಿಗೆ ಗುದ್ದಲಿ ಹಿಡಿದು ಚಿಂಚೋಳಿಯ ಕಡೆಗೆ ಹೋಗುವ ಆಸೆ ಹುಟ್ಟುತ್ತದೆ. ಅದು 2011ರಲ್ಲಿ ವನ್ಯಜೀವಿ ಧಾಮವಾಗಿ ಘೋಷಣೆಯಾದ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿಂದ ಗಡ್ಡೆ ಕೀಳುವುದು ಅಪರಾಧ. ಕಾನೂನು ಇಲ್ಲದಿದ್ದರೂ ಲೆಕ್ಕ ಕೂಡುವುದಿಲ್ಲ: ಕಾಡಿನಲ್ಲಿ ಒಂದು ಕಳೆದು ಅಂಗಳದಲ್ಲಿ ಒಂದು ಕೂಡಿದರೆ ಉಳಿತಾಯ ಎಲ್ಲಿ ಬಂತು? ತಮಿಳುನಾಡಿನಲ್ಲಿ ಔಷಧಿ ಕಂಪನಿಗಳಿಗಾಗಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ. ಬೆಳೆದವರಿಂದ ಬೀಜ ತರಿಸಿ ಬಿತ್ತಿದರೆ ಹೂವಿಗೆ ಮೂರು ನಾಲ್ಕು ಮಳೆಗಾಲ ಕಾಯಬೇಕಾದೀತು. ಅಷ್ಟು ಕಾಯಲಾಗದವರು ಗಡ್ಡೆಯನ್ನೂ ಬೆಳೆದವರಿಂದಲೇ ಕೊಳ್ಳಲಿ.

ಅಷ್ಟಾದರೂ ಏಪ್ರಿಲ್‌ನ ಬರಿ ನೆಲ ನೋಡಲಾಗದು ಎನ್ನುವವರಿದ್ದರೆ ನನ್ನದೇನೂ ಹಟವಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಮನಿಪ್ಲಾಂಟ್ ಇರಲಿ, ತೊಗರಿಬೇಳೆ ತೊಳೆದ ನೀರು ಅದಕ್ಕೆ ಸಾಕು. ಬೇವಿನಡಿಯ ಮಡಿಗೆ ಮಾತ್ರ ಮಿರಗದವರೆಗೆ ಪೈಪು ತಿರುಗಿಸಬೇಡಿ, ಮತ್ತು ಅಂಗಳ ಗುಡಿಸುವವರಿಗೆ ಅಲ್ಲಿ ಅಗೆಯಬಾರದೆಂದು ಮೊದಲೇ ಹೇಳಿಡಿ.