ಅಮ್ಮನಿಗೊಂದು ‘ಸಂಸಾರ’

‘ಸಂಸಾರ’ ಅಂತ ಒಂದು ಸೆಂಟ್ ಇದೆ ಅಂದ್ರೆ ನಂಬ್ತೀರಾ? ಪ್ಯಾರಿಸ್‌ನ ಗೆರ್ಲಾಂ ಕಂಪನಿ 1989ರಲ್ಲಿ ತಂದದ್ದು. ಕೆಂಪು ಬಾಟಲಿ, ಒಳಗೆ ಮುಖ್ಯವಾಗಿ ಶ್ರೀಗಂಧ, ಮಲ್ಲಿಗೆ. ಶಾಂತ ಸ್ವಭಾವದ, ತನ್ನಷ್ಟಕ್ಕೆ ತಾನು ತೃಪ್ತಳಾದ ಹೆಣ್ಣಿಗೆ ಒಪ್ಪುತ್ತಂತೆ. ನಮ್ಮ ಕಡೂರಲ್ಲಿ ಸಂಸಾರ ಅಂದ್ರೆ ಹಾಲಿನ ಲೆಕ್ಕ, ಗ್ಯಾಸ್ ಬುಕಿಂಗು. ಶಾಂತಿ ಎಲ್ಲಿಂದ ಬರಬೇಕು!

ಬೋನಸ್ ಬಂದಾಗ ಅಮ್ಮನಿಗೆ ಅಂತಲೇ ತಗೊಂಡೆ. ಅಪ್ಪ ಹೋದಮೇಲೆ ಅಮ್ಮ ಹೂ ಮುಡಿದಿಲ್ಲ. ಮುಡೀಬೇಡ ಅಂತ ಯಾರೂ ಅಂದಿರಲಿಲ್ಲ, ಮುಡ್ಕೋ ಅಂತಲೂ ಅಂದಿರಲಿಲ್ಲ. ನಾನೂ ಸೇರಿ. ಅವರ ಪಾಲಿಗೆ ಪರಿಮಳ ಅಂದ್ರೆ ಬೀರುವಿನಲ್ಲಿ ಸೀರೆ ಮಧ್ಯೆ ಇಟ್ಟ ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಡಬ್ಬಿ, ಅಷ್ಟೇ.

ತರೀಕೆರೆಯಲ್ಲಿ ಮದುವೆ ಇತ್ತು. ಹೊರಡುವಾಗ ಅಮ್ಮನ ಮಣಿಕಟ್ಟಿಗೆ ಒಂದೇ ಒಂದು ಸಲ ಹೊಡೆದೆ. “ಥೂ, ಈ ವಯಸ್ಸಲ್ಲಿ!” ಅಂದ್ರು. ಮೊದಲು ಮೂಗಿಗೆ ಬರೋದು ಮಲ್ಲಿಗೆ. ಗಂಧ ನಿಧಾನ, ಆದ್ರೆ ಬೇಗ ಹಾರಿಹೋಗಲ್ಲ. (ಜೋರಾಗೇ ಇದೆ, ಬಸ್ಸಿಗೆ ಹೋಗೋರು ಎರಡನೇ ಸಲ ಹೊಡ್ಕೋಬೇಡಿ.) ಬೀರೂರು ದಾಟೋ ಹೊತ್ತಿಗೆ ಅಮ್ಮ ಕಿಟಕಿ ಕಡೆ ತಿರುಗಿ ಕೈ ಮೂಸ್ತಿದ್ರು.

ಛತ್ರದಲ್ಲಿ ಅಜ್ಜಂಪುರದ ದೊಡ್ಡಮ್ಮ ಪಕ್ಕ ಕೂತವರೇ, “ಯಾರೇ ಅದು ಮಲ್ಲಿಗೆ ಮುಡಿದಿರೋದು?” ಅಂದ್ರು. ನನ್ನೆದೆ ಢವಢವ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, “ನಾನೇ ಕಣಕ್ಕ” ಅಂದ್ರು.

ದೊಡ್ಡಮ್ಮನೂ ಹತ್ತು ವರ್ಷದಿಂದ ಹೂ ಬಿಟ್ಟವರು. ಅಮ್ಮನ ಕೈ ಹಿಡಿದು ಮೂಸಿದ್ರು. ಆಮೇಲೆ ನನ್ನ ಕಡೆ ಕೈ ಚಾಚಿ, “ಎಲ್ಲೇ ಅದು, ನಂಗೂ ಚೂರು ಹಚ್ಚು” ಅಂದ್ರು.