ಎತ್ತರದ ಅಂಕೆ, ನೀರಿನ ದಾರಿ

ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟುವಳೆಂದು ಹಿರಿಯರು ಹೇಳುವ ವೃಷಭಾವತಿಗೆ ನಕ್ಷೆಯ ಹಂಗಿಲ್ಲ. ಇಳಿಜಾರೇ ಅವಳಿಗೆ ದಾರಿ. ಆ ಇಳಿಜಾರನ್ನು ಗಣಕಯಂತ್ರದ ನಕ್ಷೆಯಲ್ಲಿ ಮೂಡಿಸಹೊರಟವರಿಗೆ ಮಾತ್ರ ಒಂದು ತೊಡಕು ಕಾದಿರುತ್ತದೆ.

2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯು ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರಾಡಾರ್ ಅಲೆಗಳಿಂದ ನೆಲದ ಎತ್ತರಗಳನ್ನು ಅಳೆದು ತಂದಿತು. ಆ ದತ್ತಾಂಶ ಇಂದು ಯಾರಿಗಾದರೂ ಬಿಟ್ಟಿಯಾಗಿ ದೊರೆಯುತ್ತದೆ. ಕ್ಯೂಜಿಐಎಸ್‌ನಂತಹ ತಂತ್ರಾಂಶಕ್ಕೆ ಅದನ್ನು ತುಂಬಿಸಿದರೆ ಸಮೋನ್ನತ ರೇಖೆಗಳು ಕ್ಷಣಾರ್ಧದಲ್ಲಿ ಮೂಡುತ್ತವೆ.

ಆದರೆ ರಾಡಾರಿಗೆ ನೆಲವೂ ಒಂದೆ, ಮಾಳಿಗೆಯೂ ಒಂದೆ. ಮಲ್ಲೇಶ್ವರದ ಹಳೆಯ ಮರಗಳೂ ಚಾಮರಾಜಪೇಟೆಯ ತಾರಸಿಗಳೂ ನಕ್ಷೆಯಲ್ಲಿ ದಿಣ್ಣೆಗಳಾಗಿಬಿಡುತ್ತವೆ. ಅಳತೆಯ ಚೌಕವಾದರೋ ಸುಮಾರು 30 ಮೀಟರು; 30×40 ಅಡಿಯ ಎಂಟು ನಿವೇಶನಗಳಿಗೆ ಸೇರಿ ಒಂದೇ ಅಂಕೆ! ನಡುವಿನ ರಾಜಕಾಲುವೆ ಹೇಳಹೆಸರಿಲ್ಲದೆ ಮಾಯ. ಇದನ್ನೇ ನಂಬಿದರೆ ಮಳೆಯ ನೀರು ಇಲ್ಲದ ದಿಣ್ಣೆಯನ್ನು ಬಳಸಿಕೊಂಡು ಬೇರೆ ಯಾವುದೋ ಬೀದಿಗೆ ಹರಿಯುತ್ತದೆ. ಅಡುಗೆಮನೆಗೆ ನಿಜವಾಗಿ ನೀರು ನುಗ್ಗುವ ತಗ್ಗಿನ ಸಂಸಾರ ಕಾಗದದ ಮೇಲೆ ಸುರಕ್ಷಿತ.

ಆದ್ದರಿಂದ ಬಲ್ಲವರು ಕಾಲುವೆಗಳ ಗೆರೆಗಳನ್ನು ಬೇರೆಯಾಗಿ ತಂದು, ಅವುಗಳ ಉದ್ದಕ್ಕೂ ನೆಲದ ಅಂಕೆಯನ್ನು ತಗ್ಗಿಸುತ್ತಾರೆ. ಸಂಶಯವಿದ್ದಲ್ಲಿ ಮಟ್ಟ ನೋಡುವ ದುರ್ಬೀನು ಹೊತ್ತು ಬೀದಿಗಿಳಿಯುತ್ತಾರೆ. ತಗ್ಗಿನ ಬೀದಿಯ ಅಜ್ಜಿಯೊಬ್ಬರನ್ನು ವಿಚಾರಿಸಿದರೂ ಆದೀತು. ಯಾವ ವರ್ಷದ ಮಳೆಗೆ ಎಷ್ಟನೆಯ ಮೆಟ್ಟಿಲವರೆಗೆ ನೀರು ಏರಿತ್ತೆಂಬುದು ಅವರಿಗೆ ಬಾಯಿಪಾಠ.